ವಾಕರ್: ಬಟ್ಟೆ ತುಳಿಯುವವನ ಹೆಸರು

ಜಾನಿ ವಾಕರ್ ಬಾಟಲಿಯ ಮೇಲೆ ಟೋಪಿ ಹಾಕಿಕೊಂಡು, ಕೋಲು ಹಿಡಿದು ದಾಪುಗಾಲು ಹಾಕುವ ಮನುಷ್ಯನ ಚಿತ್ರ ಇದೆಯಲ್ವಾ? 1908ರಲ್ಲಿ ಟಾಮ್ ಬ್ರೌನ್ ಎಂಬ ವ್ಯಂಗ್ಯಚಿತ್ರಕಾರ ಬರೆದದ್ದು. ವಾಕರ್ ಅಂದರೆ ನಡೆಯುವವನು ಅಂತಲೇ ಯಾರಿಗಾದರೂ ಅನ್ನಿಸುತ್ತದೆ. ಆದರೆ ಇಂಗ್ಲೆಂಡಿನಲ್ಲಿ ತುಂಬಾ ಜನರಿಗಿರುವ ಈ ಅಡ್ಡಹೆಸರು ಹುಟ್ಟಿದ್ದು ರಸ್ತೆಯಲ್ಲಲ್ಲ, ತೊಟ್ಟಿಯಲ್ಲಿ. ಉಣ್ಣೆ ಬಟ್ಟೆಯನ್ನು ತೊಟ್ಟಿಗೆ ಹಾಕಿ ತುಳಿದು ಹದ ಮಾಡುವ ಕಸುಬುದಾರನಿಗೆ ವಾಕರ್ ಅನ್ನುತ್ತಿದ್ದರು.

ಮಗ್ಗದಿಂದ ಇಳಿದ ಉಣ್ಣೆ ಬಟ್ಟೆ ಹಾಗೇ ಉಡುವಂಥದ್ದಲ್ಲ. ನೇಯ್ಗೆ ಸಡಿಲ. ಕುರಿ ಮೈಯ ಜಿಡ್ಡು, ನೂಲುವ ಮೊದಲು ಸವರಿದ ಎಣ್ಣೆ ಎಲ್ಲಾ ಅದರಲ್ಲೇ ಇರುತ್ತದೆ. ಆ ಜಿಡ್ಡು ಬಿಡಿಸೋಕೆ ಬಳಸುತ್ತಿದ್ದದ್ದು ಹಳೆಯ ಮೂತ್ರ. ಕೂಡಿಟ್ಟ ಮೂತ್ರದಲ್ಲಿ ಅಮೋನಿಯಾ ಹುಟ್ಟುತ್ತದೆ, ಅದು ಜಿಡ್ಡನ್ನು ಕರಗಿಸುತ್ತದೆ. ಜೊತೆಗೆ ಎಣ್ಣೆ ಹೀರುವ ಒಂದು ಬಗೆಯ ಜೇಡಿಮಣ್ಣು. ನಾವು ಮುಖಕ್ಕೆ ಹಚ್ಚಿಕೊಳ್ಳುವ ಮುಲ್ತಾನಿ ಮಿಟ್ಟಿ ಇದೇ ಜಾತಿಯ ಮಣ್ಣು. ಅದರ ಇಂಗ್ಲಿಷ್ ಹೆಸರು ಫುಲ್ಲರ್ಸ್ ಅರ್ತ್. ಆ ಫುಲ್ಲರ್ ಯಾರು ಅನ್ನೋದು ಮುಂದೆ ಬರುತ್ತದೆ.

ಇಷ್ಟಾದ ಮೇಲೆ ತುಳಿತ. ಉಣ್ಣೆಯ ಎಳೆಯ ಮೇಲೆ ಮೀನಿನ ಹುರುಪೆಯಂಥ ಸಣ್ಣ ಪದರಗಳಿರುತ್ತವೆ. ಒದ್ದೆಯಲ್ಲಿ ಗಂಟೆಗಟ್ಟಲೆ ತುಳಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗುತ್ತದೆ, ದಪ್ಪವಾಗುತ್ತದೆ, ಗಾಳಿ ಮಳೆಗೆ ತಡೆಯುವ ಹಾಗೆ ಬಿಗಿಯುತ್ತದೆ. ಆಮೇಲೆ ಅದನ್ನು ಉದ್ದನೆಯ ಮರದ ಚೌಕಟ್ಟಿಗೆ ಕೊಕ್ಕೆ ಹಾಕಿ ಎಳೆದು ಕಟ್ಟಿ ಒಣಗಿಸಬೇಕು. ಆ ಕೊಕ್ಕೆಗೆ ಟೆಂಟರ್‌ಹುಕ್ ಎಂದು ಹೆಸರು. ಮುಂದೇನಾಗುತ್ತೋ ಅಂತ ಜೀವ ಬಿಗಿಹಿಡಿದು ಕಾಯುವವನು 'ಆನ್ ಟೆಂಟರ್‌ಹುಕ್ಸ್' ಇದ್ದಾನೆ ಅಂತ ಇಂಗ್ಲಿಷರು ಇವತ್ತಿಗೂ ಅನ್ನುತ್ತಾರೆ.

ಈ ಒಂದೇ ಕಸುಬು ಇಂಗ್ಲೆಂಡಿನಲ್ಲಿ ಮೂರು ಅಡ್ಡಹೆಸರು ಕೊಟ್ಟಿದೆ. ನನಗೆ ಎಲ್ಲಕ್ಕಿಂತ ಇಷ್ಟವಾದ ಸಂಗತಿ ಇದೇ. ಉತ್ತರದ ಕಡೆ ಮತ್ತು ಪಶ್ಚಿಮ ಮಧ್ಯಭಾಗದಲ್ಲಿ ಅವನು ವಾಕರ್. ಆಗ್ನೇಯ ಭಾಗದಲ್ಲಿ, ಪೂರ್ವ ಆಂಗ್ಲಿಯಾದಲ್ಲಿ ಫುಲ್ಲರ್. ಡೆವನ್, ಸಾಮರ್‌ಸೆಟ್ ಇರುವ ನೈಋತ್ಯದಲ್ಲಿ ಟಕರ್. ಫುಲ್ಲರ್‌ನ ಬೇರು ಲ್ಯಾಟಿನ್‌ನ 'ಫುಲ್ಲೋ'. ಟಕರ್ ಬಂದದ್ದು ಹಳೆಯ ಇಂಗ್ಲಿಷಿನ 'ಟೂಕಿಯನ್' ಎಂಬ ಕ್ರಿಯಾಪದದಿಂದ. ಹಿಂಸಿಸು, ಕಾಡು ಅಂತ ಅದರ ಅರ್ಥ. ಬಟ್ಟೆಯ ಪಾಡು ನೋಡಿದರೆ ಸರಿಯಾಗೇ ಇದೆ. ಇನ್ನು 'ವಾಕ್' ಅನ್ನುವ ಪದಕ್ಕೂ ಮೊದಲಿದ್ದ ಅರ್ಥ ಹೊರಳಿಸು, ಹೊರಳಾಡು ಎಂದು. ಕಾಲ್ನಡಿಗೆ ಎಂಬ ಅರ್ಥ ಆಮೇಲೆ ಬಂತು.

14ನೇ ಶತಮಾನದ ಕೊನೆಯಲ್ಲಿ ಬಂದ ಇಂಗ್ಲಿಷ್ ಅನುವಾದವಾದ ವಿಕ್ಲಿಫ್ ಬೈಬಲ್ಲಿನಲ್ಲಿ ಇದಕ್ಕೆ ಒಂದು ಒಳ್ಳೆಯ ಸಾಕ್ಷಿ ಇದೆ. ಯೇಸುವಿನ ಬಟ್ಟೆ ಹೊಳೆಯುವ ಬಿಳುಪಾದ ಮಾರ್ಕನ ಸುವಾರ್ತೆಯ ಮಾತು ಬಂದಾಗ, ಲೋಕದ ಯಾವ 'ಫುಲ್ಲರ್ ಅಥವಾ ಬಟ್ಟೆಯ ವಾಕರ್' ಕೂಡ ಹಾಗೆ ಬೆಳ್ಳಗೆ ಮಾಡಲಾರ ಎಂದು ಬರೆದಿದೆ. ಒಂದೇ ಪದ ಬರೆದರೆ ಅರ್ಧ ನಾಡಿಗೆ ತಿಳಿಯದು ಅಂತ ಎರಡೂ ಬರೆದಂತಿದೆ. ಟಕರ್‌ಗಳಿಗೆ ಮಾತ್ರ ಅಲ್ಲಿ ಜಾಗ ಸಿಗಲಿಲ್ಲ. ಅವರ ಹೆಸರು ಎಕ್ಸೆಟರ್ ಊರಿನ ಟಕರ್ಸ್ ಹಾಲ್‌ನಲ್ಲಿ ಉಳಿದಿದೆ. ನೇಕಾರರು ಮತ್ತು ಬಟ್ಟೆ ಹದ ಮಾಡುವವರ ಸಂಘಕ್ಕೆ 1471ರಲ್ಲಿ ಕಟ್ಟಿದ ಮನೆ ಅದು, ಈಗಲೂ ನಿಂತಿದೆ.

ಇನ್ನೊಂದು ವಿಷಯ. 1185ರಲ್ಲಿ ಟೆಂಪ್ಲರ್ ಎಂಬ ಕ್ರೈಸ್ತ ಯೋಧ-ಸನ್ಯಾಸಿಗಳ ಪಂಥದವರು ಇಂಗ್ಲೆಂಡಿನಲ್ಲಿದ್ದ ತಮ್ಮ ಆಸ್ತಿ ಲೆಕ್ಕ ಬರೆದಾಗಲೇ ಈ ಕೆಲಸದ ಗಿರಣಿಗಳ ಹೆಸರು ಅದರಲ್ಲಿ ಸೇರಿತ್ತು. ಹೊಳೆಯ ನೀರು ಚಕ್ರ ತಿರುಗಿಸುತ್ತದೆ, ಚಕ್ರ ಮರದ ಕೊಡತಿಗಳನ್ನು ಎತ್ತಿ ಎತ್ತಿ ಬಟ್ಟೆಯ ಮೇಲೆ ಬೀಳಿಸುತ್ತದೆ. ಕಾಲಿನ ಕೆಲಸ ಕೊಡತಿಗೆ ಹೋಯಿತು. ಇಂಗ್ಲೆಂಡಿನ ಸಾಮಾನ್ಯ ಜನರ ಅಡ್ಡಹೆಸರು ತಂದೆಯಿಂದ ಮಕ್ಕಳಿಗೆ ಹೋಗುವಂತೆ ಗಟ್ಟಿಯಾದದ್ದು ಹೆಚ್ಚಾಗಿ ಅದರ ನಂತರ, 13 ಮತ್ತು 14ನೇ ಶತಮಾನಗಳಲ್ಲಿ. ಅಂದರೆ ವಾಕರ್ ಎಂಬ ಹೆಸರನ್ನು ಮಕ್ಕಳಿಗೆ ಬಿಟ್ಟುಹೋದ ಎಷ್ಟೋ ಜನ ಬಟ್ಟೆ ತುಳಿದವರೇ ಅಲ್ಲ, ಗಿರಣಿ ನಡೆಸಿದವರು. ಅವರ ಮೊಮ್ಮಕ್ಕಳು ಬೇರೆ ಕಸುಬು ಹಿಡಿದರೂ ಹೆಸರು ಅದೇ ಉಳಿಯಿತು.

ಊರೂರಿಗೆ ಒಬ್ಬ ವಾಕರ್ ಇದ್ದ ಮೇಲೆ ಎಲ್ಲ ವಾಕರ್‌ಗಳೂ ಒಂದೇ ಬಳ್ಳಿಯವರು ಆಗೋಕೆ ಸಾಧ್ಯವಿಲ್ಲ. ಆದರೂ 'ವಾಕರ್ ಮನೆತನದ ಲಾಂಛನ' ಅಂತ ಮಗ್, ಫಲಕ ಮಾರುವವರು ಜಾಸ್ತಿ. ಸುಮ್ನೆ ದುಡ್ಡು ಹಾಳು. ಇಂಗ್ಲೆಂಡಿನಲ್ಲಿ ಲಾಂಛನ ಕೊಡುವುದು ಒಬ್ಬ ವ್ಯಕ್ತಿಗೆ ಮತ್ತು ಅವನ ವಂಶಕ್ಕೆ. ಅಡ್ಡಹೆಸರಿಗೆ ಅಂತ ಲಾಂಛನ ಇರುವುದಿಲ್ಲ. ಬೇರು ಹುಡುಕುವವರು 1538ರಿಂದ ಶುರುವಾದ ಚರ್ಚ್ ದಾಖಲೆಗಳನ್ನು ನೋಡುವುದು ವಾಸಿ. ಹಾಗೇ ನಕ್ಷೆ ತೆರೆದು ಹೊಳೆ ಪಕ್ಕದ ಊರುಗಳನ್ನೂ ನೋಡಬೇಕು. ಉತ್ತರ ಇಂಗ್ಲೆಂಡಿನಲ್ಲಿ ವಾಕ್ ಮಿಲ್ ಎಂಬ ಜಾಗಗಳು ಸಿಗುತ್ತವೆ. ವೇಲ್ಸ್‌ನಲ್ಲಿ ಇದೇ ಗಿರಣಿಗೆ 'ಪಾಂಡಿ' ಅನ್ನುತ್ತಾರೆ. ಕಲ್ಲಿದ್ದಲ ಗಣಿಗೆ ಹೆಸರಾದ ಟೋನಿಪಾಂಡಿ ಊರಿಗೆ ಆ ಹೆಸರು ಬಂದದ್ದು ಹಾಗೆ.