ಗ್ವಾನಿನ್ ಕಳೆದುಕೊಂಡ ಎಲೆಕ್ಟ್ರಾನಿನ ಜಾಡು

ಡಿಎನ್‌ಎಯ ನಾಲ್ಕು ಪ್ರತ್ಯಾಮ್ಲಗಳ ಪೈಕಿ ಎಲೆಕ್ಟ್ರಾನನ್ನು ಎಲ್ಲಕ್ಕಿಂತ ಸುಲಭವಾಗಿ ಬಿಟ್ಟುಕೊಡುವುದು ಗ್ವಾನಿನ್. ವಿಕಿರಣವಾಗಲಿ, ಜೀವಕೋಶದೊಳಗಿನ ಆಮ್ಲಜನಕದ ಉಗ್ರರೂಪಗಳಾಗಲಿ ಎರಗಿದಾಗ ಉತ್ಕರ್ಷಣದ ಪೆಟ್ಟು ಹೆಚ್ಚಾಗಿ ಬೀಳುವುದೂ ಅದಕ್ಕೇ. ಪೆಟ್ಟು ಬಿದ್ದೊಡನೆ ಹುಟ್ಟುವ ಅಣು ಕ್ಷಣಭಂಗುರವಾದ್ದರಿಂದ ಅದನ್ನು ನೋಡುವುದು ಬಹುಕಾಲ ಅಸಾಧ್ಯವೇ ಆಗಿತ್ತು.

ದಾರಿ ತೆರೆದದ್ದು 1949ರಲ್ಲಿ. ಕೇಂಬ್ರಿಜ್‌ನಲ್ಲಿ ರಸಾಯನಶಾಸ್ತ್ರಜ್ಞರಾದ ನಾರಿಶ್ ಮತ್ತು ಪೋರ್ಟರ್ ಒಂದು ಬೆಳಕಿನ ಮಿಂಚಿನಿಂದ ಅಣುಗಳನ್ನು ಒಡೆದು, ಬೆನ್ನಲ್ಲೇ ಇನ್ನೊಂದು ಮಿಂಚಿನಿಂದ ಅವುಗಳ ರೋಹಿತವನ್ನು, ಅಂದರೆ ಯಾವ ತರಂಗಾಂತರದ ಬೆಳಕನ್ನು ಎಷ್ಟು ಹೀರುತ್ತವೆಂಬ ದಾಖಲೆಯನ್ನು, ಹಿಡಿದರು. 1960ರ ಸುಮಾರಿಗೆ ಬೆಳಕಿನ ಬದಲು ಎಲೆಕ್ಟ್ರಾನ್ ಮಿಡಿತಗಳನ್ನು ಬಳಸುವ ಪಲ್ಸ್ ರೇಡಿಯೋಲಿಸಿಸ್ ಬಂತು. ಇದೇ ವಿಧಾನದಿಂದ ಕ್ಯಾಂಡಿಯಸ್ ಮತ್ತು ಸ್ಟೀನ್ಕೆನ್ 1989ರಲ್ಲಿ ತೋರಿಸಿದ ಸಂಗತಿ ಸ್ವಾರಸ್ಯಕರ: ಎಲೆಕ್ಟ್ರಾನ್ ಕಳೆದುಕೊಂಡ ಗ್ವಾನೋಸಿನ್ (ಸಕ್ಕರೆಯೊಂದಿಗೆ ಕೂಡಿದ ಗ್ವಾನಿನ್) ಎಷ್ಟು ಆಮ್ಲೀಯವಾಗುತ್ತದೆಂದರೆ, 9ರ ಆಸುಪಾಸಿನಲ್ಲಿದ್ದ ಅದರ ಪಿಕೆಎ (ಆಮ್ಲೀಯತೆಯ ಅಳತೆ; ಕಡಿಮೆಯಾದಷ್ಟೂ ಪ್ರೋಟಾನ್ ಬಿಡುವುದು ಸುಲಭ) 3.9ಕ್ಕೆ ಇಳಿಯುತ್ತದೆ. ಹಾಗಾಗಿ ತಟಸ್ಥ ನೀರಿನಲ್ಲಿ ಅದು ಕೂಡಲೇ ಪ್ರೋಟಾನನ್ನೂ ಬಿಟ್ಟುಬಿಡುತ್ತದೆ.

ಅಂತಿಮವಾಗಿ ಉಳಿಯುವ ಗಾಯದ ಗುರುತು ಸಿಕ್ಕಿದ್ದು ಟೋಕಿಯೋದಲ್ಲಿ, ಬೇರೇನನ್ನೋ ಹುಡುಕುತ್ತಿದ್ದಾಗ. ಬಿಸಿ ಮಾಡಿದ ಗ್ಲೂಕೋಸಿನಲ್ಲಿ ಉತ್ಪರಿವರ್ತನೆಗೆ ಕಾರಣವಾಗುವ ವಸ್ತುಗಳನ್ನು ಅರಸುತ್ತಿದ್ದ ಕಸಾಯಿ ಮತ್ತು ನಿಶಿಮುರಾ 1984ರಲ್ಲಿ 8-ಆಕ್ಸೋಗ್ವಾನಿನ್, ಅಂದರೆ ಎಂಟನೆಯ ಸ್ಥಾನದಲ್ಲಿ ಆಮ್ಲಜನಕ ಸೇರಿದ ಗ್ವಾನಿನ್, ರೂಪುಗೊಳ್ಳುವುದನ್ನು ವರದಿ ಮಾಡಿದರು. ಡಿಎನ್‌ಎಯಲ್ಲಿ ಗ್ವಾನೋಸಿನ್ ಇರುವ ರೂಪವಾದ ಡಿಆಕ್ಸಿಗ್ವಾನೋಸಿನ್‌ನ ನೇರಳಾತೀತ ರೋಹಿತದ ಶಿಖರ 253 ನ್ಯಾನೊಮೀಟರಿನಲ್ಲಿದ್ದರೆ, ಎಂಟನೆಯ ಸ್ಥಾನಕ್ಕೆ ಆಮ್ಲಜನಕ ಸೇರಿದಾಗ 293ರ ಹತ್ತಿರ ಹೊಸ ಶಿಖರ ಏಳುತ್ತದೆ. ಡಿಎನ್‌ಎ ನಕಲಾಗುವಾಗ ಇದು ಸೈಟೊಸಿನ್ ಬದಲು ಅಡೆನಿನ್ ಜೊತೆ ಜೋಡಿಯಾಗಿ ನಕಲಿನಲ್ಲಿ ತಪ್ಪು ಉಳಿಸಬಲ್ಲದಾದ್ದರಿಂದ ಡಿಎನ್‌ಎಯಲ್ಲಿ ಇದು ಎಷ್ಟಿದೆಯೆಂಬ ಎಣಿಕೆಗೆ ಮಹತ್ವ ಬಂತು.

ಎಣಿಕೆಯಲ್ಲೇ ಎಡವಟ್ಟಾದದ್ದು. ಒಂದು ಪ್ರಯೋಗಾಲಯದ ಅಂಕಿಗೂ ಇನ್ನೊಂದರ ಅಂಕಿಗೂ ನೂರಾರು ಪಟ್ಟು ಅಂತರ. ಗ್ಯಾಸ್ ಕ್ರೊಮಟೋಗ್ರಫಿ ಮತ್ತು ದ್ರವ್ಯರಾಶಿ ರೋಹಿತಮಾಪನಕ್ಕೆ (ಅಣುಗಳನ್ನು ಆವಿಯ ರೂಪದಲ್ಲಿ ಬೇರ್ಪಡಿಸಿ ತೂಕದಿಂದ ಗುರುತಿಸುವ ವಿಧಾನಕ್ಕೆ) ಮಾದರಿಯನ್ನು ಆವಿಯಾಗುವಂತೆ ಮಾಡಲು ಸಿಲಿಲೀಕರಣದ, ಅಂದರೆ ಸಿಲಿಕಾನ್ ಗುಂಪುಗಳನ್ನು ಜೋಡಿಸುವ, ರಾಸಾಯನಿಕ ಬೆರೆಸಿ ಸುಮಾರು 130 ಡಿಗ್ರಿಗೆ ಕಾಯಿಸುತ್ತಿದ್ದರು. ಆ ಕಾವಿನಲ್ಲಿ, ಗಾಳಿ ಸೋಕಿದರೆ, ಹಾನಿಯಾಗದ ಗ್ವಾನಿನ್ ಕೂಡ ಉತ್ಕರ್ಷಣಗೊಳ್ಳುತ್ತಿತ್ತು. ಅಳೆಯುವವರೇ ಅಳೆಯಬೇಕಾದ ಹಾನಿಯನ್ನು ಮಾಡುತ್ತಿದ್ದರು! 1997ರಲ್ಲಿ ಎಸ್ಕಾಡ್ ಎಂಬ ಹೆಸರಿನಲ್ಲಿ ಕೂಡಿದ ಯುರೋಪಿನ ಪ್ರಯೋಗಾಲಯಗಳು ಒಂದೇ ಮಾದರಿಯನ್ನು ಹಂಚಿಕೊಂಡು ಅಳೆದು, ಮುಂದೆ ಹತ್ತು ಲಕ್ಷ ಗ್ವಾನಿನ್‌ಗಳಿಗೆ 0.3ರಿಂದ 4.2ರಷ್ಟು 8-ಆಕ್ಸೋಗ್ವಾನಿನ್ ಮಾತ್ರ ಇರಬಹುದೆಂಬ ಅಂದಾಜಿಗೆ ಬಂದವು.

ಆ ಅಂಕಿಯೂ ಪೂರ್ತಿ ಲೆಕ್ಕವಲ್ಲ. ಗ್ವಾನಿನ್‌ನಿಂದ ಎಲೆಕ್ಟ್ರಾನ್ ಕೀಳಲು 1.29 ವೋಲ್ಟ್ ಬೇಕಾದರೆ 8-ಆಕ್ಸೋಗ್ವಾನಿನ್‌ಗೆ 0.74 ಸಾಕು. ಮುಂದಿನ ಪೆಟ್ಟು ಬೀಳುವುದು ಗಾಯಗೊಂಡ ಅಣುವಿನ ಮೇಲೆಯೇ. ಅದು ಇನ್ನಷ್ಟು ಉತ್ಕರ್ಷಣಗೊಂಡು ಹೈಡಾಂಟೊಯಿನ್‌ಗಳೆಂಬ ಬೇರೆ ಅಣುಗಳಾದಾಗ 293ರ ಶಿಖರವೂ ಅಳಿಸಿಹೋಗುತ್ತದೆ.