ಸಾಂಬಾರು ಏನನ್ನು ತಾಳಬೇಕು?

ಒಂಬತ್ತನೇ ಕ್ಲಾಸಿನ ಪ್ರಬಂಧ ತಿದ್ದುತ್ತಿದ್ದೆ. ವಿಷಯ, ನಮ್ಮ ಮನೆಯ ಅಡಿಗೆ. ಒಬ್ಬ ಹುಡುಗ ಬರೆದಿದ್ದ: 'ಕೊನೆಗೆ ಅಮ್ಮ ಸಾಂಬಾರನ್ನು ತಾಳಿಸುತ್ತಾರೆ.' ಕೆಂಪು ಗೆರೆ ಎಳೆದು 'ಒಗ್ಗರಣೆ ಹಾಕುತ್ತಾರೆ' ಎಂದು ತಿದ್ದಿದೆ. ಅಷ್ಟಕ್ಕೆ ಸುಮ್ನಿರದೆ, ಪಕ್ಕದಲ್ಲಿ 'ಸಾಂಬಾರು ಏನನ್ನು ತಾಳಬೇಕು?' ಎಂದೂ ಬರೆದೆ. ಅರ್ಧ ಮಾರ್ಕು ಹೋಯಿತು.

ಕಾಸರಗೋಡಿನಲ್ಲಿ ಕನ್ನಡ ಕಲಿಸುವವರಿಗೆ ಇದು ದಿನದ ಕೆಲಸ. ಆ ಹುಡುಗನ ಮನೆಮಾತು ಮಲಯಾಳ. ಅಲ್ಲಿ ಒಗ್ಗರಣೆ ಹಾಕುವುದಕ್ಕೆ 'ತಾಳಿಕ್ಕುಕ' ಎನ್ನುತ್ತಾರೆ, 'ವರವಿಡುಕ' ಎಂದೂ ಹೇಳುವುದುಂಟು. ಮನೆಯ ಮಾತನ್ನೇ ಕನ್ನಡ ಮಾಡಿ ತಂದಿದ್ದಾನೆ ಅಂದುಕೊಂಡೆ.

ಮನೆಗೆ ಬಂದು ಊಟಕ್ಕೆ ಕೂತೆ. "ಇಂದು ತೊಂಡೆಕಾಯಿ ತಾಳು. ಸಾಕಲ್ದೋ?" ಎಂದಳು ಹೆಂಡತಿ.

ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಈ ಕಡೆಯ ಹವ್ಯಕರ ಮನೆಗಳಲ್ಲಿ ಪಲ್ಯಕ್ಕೆ ತಾಳು ಎಂದೇ ಹೆಸರು. ತೊಂಡೆಕಾಯಿ ತಾಳು, ಬದನೆಕಾಯಿ ತಾಳು, ಅಲಸಂಡೆ ತಾಳು. ಹುಟ್ಟಿದಾಗಿನಿಂದ ತಿಂದಿದ್ದೇನೆ. ಅದು ಎಲ್ಲಿಂದ ಬಂದ ಮಾತು ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ತಾಳು ಮಾಡುವುದು ಹೇಗೆ? ಬಾಣಲೆಯಲ್ಲಿ ತೆಂಗಿನೆಣ್ಣೆ, ಉದ್ದಿನಬೇಳೆ, ಸಾಸಿವೆ, ಮೆಣಸು, ಬೇವಿನಸೊಪ್ಪು. ಅದು ಚಟಪಟ ಎಂದ ಮೇಲೆ ಹೆಚ್ಚಿದ ತರಕಾರಿ. ಅಂದರೆ ಸಾರಿಗೆ ಕೊನೆಗೆ ಬೀಳುವ ಒಗ್ಗರಣೆ ಇಲ್ಲಿ ಮೊದಲೇ ಬೀಳುತ್ತದೆ. (ಬೇವಿನಸೊಪ್ಪು ಅಂದರೆ ನಮಗೆ ಕರಿಬೇವು. ಘಟ್ಟದ ಮೇಲಿನವರು ಗಾಬರಿಯಾಗಬೇಕಿಲ್ಲ.)

ಸಂಜೆ ಕಿಟ್ಟೆಲರ ನಿಘಂಟು ತೆಗೆದೆ. ತಾಳಿಸು ಇದೆ! ಒಗ್ಗರಣೆ ಹಾಕು ಎಂಬ ಅರ್ಥದಲ್ಲೇ ಇದೆ. ತಮಿಳಿನಲ್ಲಿ ತಾಳಿಪ್ಪು, ತೆಲುಗಿನಲ್ಲಿ ತಾಲಿಂಪು. ದಕ್ಷಿಣದ ಭಾಷೆಗಳೆಲ್ಲ ಹಂಚಿಕೊಂಡ ಹಳೆಯ ಮಾತು ಅದು. ನಮ್ಮ ತಾಳು ಕೂಡ ಅದೇ ಬೇರಿನದು ಎಂದೇ ನನ್ನ ಎಣಿಕೆ. 'ತಾಳಿದವನು ಬಾಳಿಯಾನು' ಎಂಬಲ್ಲಿನ ತಾಳು ಬೇರೆ. ನಾನು ಎರಡನ್ನೂ ಗಂಟು ಹಾಕಿ ಹುಡುಗನನ್ನು ತಮಾಷೆ ಮಾಡಿದ್ದೆ. ತಪ್ಪು ನನ್ನದೇ.

  

ಹಾಗಾದರೆ ನಾನು 'ಸರಿ ಕನ್ನಡ' ಎಂದು ಬರೆದ ಒಗ್ಗರಣೆ? ಅದೇ ಹೊರಗಿನಿಂದ ಬಂದದ್ದು! ಮೂಲ ಸಂಸ್ಕೃತದ ವ್ಯಾಘಾರಣ. ಯಜ್ಞದಲ್ಲಿ ವೇದಿಯ ಮೇಲೆ ತುಪ್ಪ ಸುರಿಯುವುದಕ್ಕೆ ಆ ಹೆಸರು. ತುಪ್ಪ ಎಂಬ ಅರ್ಥದ ಘೃತವೂ ಅದೇ ಧಾತುವಿನದು. ಪ್ರಾಕೃತದ ಬಾಯಲ್ಲಿ 'ವ್ಯಾ' ಸವೆದು 'ವ' ಆಯಿತು, ಕನ್ನಡದಲ್ಲಿ ಅದು 'ಒ' ಆಯಿತು. ಉತ್ತರ ಕರ್ನಾಟಕದಲ್ಲಿ ಈಗಲೂ ವಗ್ಗರಣೆ ಎನ್ನುವವರಿದ್ದಾರೆ. ಗುಜರಾತಿಯ ವಘಾರ್, ಹಿಂದಿಯ ಬಘಾರ್ ಇದರ ದಾಯಾದಿಗಳು. ಹೈದರಾಬಾದಿನ ಬಗಾರಾ ಬೈಂಗನ್ ತಿಂದಿದ್ದೀರಲ್ವಾ? ಅದು ಒಗ್ಗರಣೆಯ ಬದನೆಕಾಯಿ, ಅಷ್ಟೇ. ವೇದಿಯ ತುಪ್ಪ ಸೌಟಿಗೆ ಇಳಿದದ್ದು ನನಗಂತೂ ಖುಷಿ ಕೊಡುವ ಸಂಗತಿ.

ಬಳಕೆಯಲ್ಲಿ ಮಾತ್ರ ಒಗ್ಗರಣೆಯೇ ಗೆದ್ದಿದೆ. ದಾವಣಗೆರೆ ಕಡೆ ಹೋದರೆ ಅದು ತಿಂಡಿಯ ಹೆಸರು: ಮಂಡಕ್ಕಿ ಒಗ್ಗರಣೆ, ಜೊತೆಗೆ ಮಿರ್ಚಿ. ಮಾತಿನಲ್ಲಿಯೂ ಅದರದ್ದೇ ಕಾರುಬಾರು. ಇದ್ದದ್ದಕ್ಕೆ ಇಲ್ಲದ್ದು ಸೇರಿಸಿ ಹೇಳಿದರೆ 'ಒಗ್ಗರಣೆ ಹಾಕಿದ' ಎನ್ನುತ್ತೇವೆ. ಸಾರಿಗಾದರೆ ಒಗ್ಗರಣೆ ಕೊಡಲೂಬಹುದು, ಹಾಕಲೂಬಹುದು. ಸುದ್ದಿಗೆ ಹಾಕುವುದೇ ಜಾಸ್ತಿ. ತಾಳಿಸು ಪದಕ್ಕೆ ಈ ಚಾಡಿಯ ಅರ್ಥ ಅಂಟಿಲ್ಲ, ಪಾಪ.

ಮರುದಿನ ಕ್ಲಾಸಿನಲ್ಲಿ ಪಾಠ ಬದಿಗಿಟ್ಟೆ. ನಿಮ್ಮ ನಿಮ್ಮ ಮನೆಯಲ್ಲಿ ಏನನ್ನುತ್ತೀರಿ ಎಂದು ಕೇಳಿದೆ. ಮರಾಠಿ ಮನೆಯ ಹುಡುಗಿ ಫೋಡಣಿ ಎಂದಳು. ಕೊಂಕಣಿಯವನು ಫಣ್ಣ ಎಂದ. ತುಳುವಿನ ಮಕ್ಕಳು ಒಗ್ಗರಣೆ ಎಂದೇ ಕೂಗಿದರು. ಬೋರ್ಡಿನಲ್ಲಿ ಎಲ್ಲವನ್ನೂ ಬರೆದೆ. ಆಮೇಲೆ ಆ ಹುಡುಗನ ಪುಸ್ತಕ ತರಿಸಿ, ನನ್ನ ಗೆರೆಯ ಮೇಲೆ ಗೆರೆ ಹೊಡೆದು, ಅರ್ಧ ಮಾರ್ಕು ವಾಪಸ್ ಕೊಟ್ಟೆ.

ಅವನು ಪುಸ್ತಕ ನೋಡಿದ, ಬೋರ್ಡ್ ನೋಡಿದ. "ಮಾಷ್ಟ್ರೇ, ಹಾಗಾದ್ರೆ ಒಗ್ಗರಣೆ ಅಂತ ಬರೆದವರದ್ದು ತಪ್ಪಾ?"