ಕ್ಯಾಲಾಥಿಯಾ ಎಲೆ ಸುಡುತ್ತಿದೆಯೇ? ಮೊದಲು ನೀರು ನೋಡಿ

ಮನೆಯೊಳಗೆ ಕುಂಡದಲ್ಲಿ ಬೆಳೆಸುವ ಎಲೆಗಿಡ ಕ್ಯಾಲಾಥಿಯಾ. ಅದರ ಎಲೆ ತುದಿ ಕಂದಾದರೆ ನಮ್ಮ ಕಡೆ ಬಹಳ ಜನ ಮಾಡುವುದು ಒಂದೇ ಕೆಲಸ. ಇನ್ನೊಂದು ಚೊಂಬು ನೀರು ಹಾಕುತ್ತಾರೆ. ಸ್ವಲ್ಪ ದಿನಕ್ಕೆ ಅಂಚೂ ಸುಡುತ್ತದೆ. ಆಗ ಕುಂಡ ಎತ್ತಿಕೊಂಡು ನರ್ಸರಿಗೆ ಬರುತ್ತಾರೆ. "ದಿನಾ ನೀರು ಹಾಕ್ತೀನಿ ಸರ್, ಆದ್ರೂ ಒಣಗ್ತಿದೆ" ಅನ್ನುತ್ತಾರೆ. ಯಾವ ನೀರು ಹಾಕ್ತೀರಿ ಅಂತ ನಾನು ಮೊದಲು ಕೇಳುತ್ತೇನೆ.

ಚಿತ್ರದುರ್ಗ, ಚಳ್ಳಕೆರೆ, ಜಗಳೂರು ಕಡೆ ಎಷ್ಟೋ ಬೋರುಗಳ ನೀರಿನಲ್ಲಿ ಫ್ಲೋರೈಡ್ ಇದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ಆಗಬಹುದು ಅನ್ನುವುದು ನಮ್ಮ ದೇಶದ ಮಾನದಂಡ. ಕ್ಯಾಲಾಥಿಯಾ, ಡ್ರಸೀನಾ, ಸ್ಪೈಡರ್ ಪ್ಲಾಂಟ್ ಇವೆಲ್ಲ ಅದಕ್ಕಿಂತ ಕಡಿಮೆ ಇದ್ದರೂ ತಡೆದುಕೊಳ್ಳುವುದಿಲ್ಲ. ಬೇರು ಹೀರಿದ ನೀರಿನ ಜೊತೆ ಫ್ಲೋರೈಡ್ ಎಲೆಗೆ ಏರುತ್ತದೆ. ನೀರು ಆವಿಯಾಗಿ ಹೋಗುತ್ತದೆ, ಫ್ಲೋರೈಡ್ ತುದಿಯಲ್ಲೇ ನಿಲ್ಲುತ್ತದೆ. ದಿನದಿನ ಸೇರುತ್ತಾ ಹೋಗಿ ಆ ಜಾಗ ಸಾಯುತ್ತದೆ. ಜಾಸ್ತಿ ನೀರು ಹಾಕಿದಷ್ಟೂ ಫ್ಲೋರೈಡೂ ಜಾಸ್ತಿ ಎಲೆಗೆ ಸೇರುತ್ತದೆ.

ಬಾಯಾರಿಕೆಗೂ ಇದಕ್ಕೂ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ನೀರು ಸಾಲದಿದ್ದರೆ ಎಲೆ ಹಗಲಲ್ಲೇ ಕೊಳವೆಯಂತೆ ಸುರುಳಿಯಾಗುತ್ತದೆ, ನೀರು ಕೊಟ್ಟ ಮೇಲೆ ಬಿಚ್ಚಿಕೊಳ್ಳುತ್ತದೆ. ನೀರಿನ ದೋಷವಾದರೆ ಎಲೆ ಹರಡಿಕೊಂಡೇ ಇರುತ್ತದೆ, ತುದಿ ಮಾತ್ರ ಗರಿಗರಿಯಾಗಿ ಕಂದಾಗಿರುತ್ತದೆ, ಅದರ ಪಕ್ಕದಲ್ಲಿ ತೆಳುವಾದ ಹಳದಿ ಗೆರೆ. ಕುಂಡದ ಅಂಚನ್ನೂ ನೋಡಿ. ಬಿಳಿ ಪೊರೆ ಕಟ್ಟಿದ್ದರೆ ಉಗುರಿನಿಂದ ಕೆರೆದು, ಆ ಪುಡಿಯ ಮೇಲೆ ಎರಡು ಹನಿ ನಿಂಬೆರಸ ಬಿಡಿ. ಸಣ್ಣಗೆ ನೊರೆ ಬಂದರೆ ಅದು ಸುಣ್ಣದ ಅಂಶ. ನಿಮ್ಮ ನೀರು ಗಡಸು ಅಂತ ಅರ್ಥ. ಮನೆಯ ಗೀಸರ್ ಕಾಯಿಲ್‌ಗೆ ಕಟ್ಟುವುದೂ ಇದೇ.

ಇನ್ನೊಂದು ಮಾತು ಬಹಳ ಮುಖ್ಯ. ಆರ್‌ಓ ಮಷಿನ್‌ನಿಂದ ಹೊರಗೆ ಹೋಗುವ ನೀರನ್ನು ಸುಮ್ನೆ ಯಾಕೆ ಚೆಲ್ಲಬೇಕು ಅಂತ ಕುಂಡಗಳಿಗೆ ಹಾಕುವವರು ತುಂಬಾ ಇದ್ದಾರೆ. ಉಳಿಸುವ ಮನಸ್ಸು ಒಳ್ಳೆಯದೇ. ಆದರೆ ಮಷಿನ್ ತೆಗೆದ ಉಪ್ಪು, ಫ್ಲೋರೈಡ್ ಎಲ್ಲ ಸೇರಿರುವುದು ಆ ನೀರಿನಲ್ಲೇ. ನೆಲ ಒರೆಸಿ, ಅಂಗಳ ತೊಳೆಯಿರಿ, ಕ್ಯಾಲಾಥಿಯಾಕ್ಕೆ ಮಾತ್ರ ಬೇಡ. ನೀರು ಕುದಿಸಿದರೂ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಕಡಿಮೆಯಾದಷ್ಟೂ ಅದರ ಪ್ರಮಾಣ ಇನ್ನೂ ಹೆಚ್ಚುತ್ತದೆ. ರಾತ್ರಿಯಿಡೀ ಬಕೆಟ್‌ನಲ್ಲಿ ಇಟ್ಟರೆ ಕ್ಲೋರಿನ್ ಹೋಗಬಹುದು, ಅಷ್ಟೇ.

ದಾವಣಗೆರೆ ಊರೊಳಗೆ ನಲ್ಲಿಗೆ ಹೊಳೆ, ನಾಲೆ ನೀರು ಬರುವ ಮನೆಗಳಲ್ಲಿ ಬೋರಿನಷ್ಟು ಕಾಟವಿಲ್ಲ. ಉಳಿದವರಿಗೆ ಮಳೆನೀರೇ ಸರಿ. 10 ಅಡಿಗೆ 10 ಅಡಿ ತಾರಸಿಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 90 ಲೀಟರಿನಷ್ಟು ನೀರು. ಮೊದಲ ಮಳೆ ಹರಿದುಹೋಗಲಿ, ಆಮೇಲಿನದನ್ನು ಡ್ರಮ್ಮಿಗೆ ಹಿಡಿದು, ಸೊಳ್ಳೆ ಬಾರದಂತೆ ಬಟ್ಟೆ ಬಿಗಿಯಾಗಿ ಕಟ್ಟಿ. ಡ್ರಮ್ ಖಾಲಿಯಾದ ಮೇಲೆ ಶುದ್ಧ ನೀರಿನ ಘಟಕದಿಂದ ತರುವ ಕುಡಿಯುವ ನೀರು, ಎಸಿಯಿಂದ ಬೀಳುವ ನೀರು ನಡೆಯುತ್ತದೆ. ಮೇಲಿನ ಮಣ್ಣು ಒಂದು ಬೆರಳಗಣ್ಣು ಒಣಗಿದ ಮೇಲೆ ಹಾಕಿದರೆ ಸಾಕು. ಎರಡು ತಿಂಗಳಿಗೊಮ್ಮೆ ಕುಂಡದ ಅಳತೆಯ ಮೂರ್ನಾಲ್ಕು ಪಟ್ಟು ಒಳ್ಳೆಯ ನೀರನ್ನು ನಿಧಾನವಾಗಿ ಹಾಯಿಸಿ. ಕೂತ ಉಪ್ಪು ಕೆಳಗಿನ ತೂತಿನಿಂದ ಇಳಿದುಹೋಗುತ್ತದೆ. ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿಬಿಡಿ.

ಎರೆಮಣ್ಣು ಬೇಡವೇ ಬೇಡ, ಬೇರು ಕೊಳೆಯುತ್ತದೆ. ಕೋಕೋಪೀಟ್ ಹಾಕುವುದಾದರೆ ಎರಡು ಮೂರು ನೀರಿನಲ್ಲಿ ನೆನೆಸಿ ಹಿಂಡಿ ಹಾಕಿ, ಅದರಲ್ಲೂ ಉಪ್ಪಿರುತ್ತದೆ. ಹೊಲಕ್ಕೆ ತಂದ ಸೂಪರ್ ಫಾಸ್ಫೇಟ್ ಮನೆಯಲ್ಲಿದೆ ಅಂತ ಒಂದು ಚಿಟಿಕೆ ಕೂಡ ಹಾಕಬೇಡಿ, ಫ್ಲೋರೈಡ್ ಆ ಗೊಬ್ಬರದಲ್ಲೂ ಇದೆ. ಎರೆಹುಳು ಗೊಬ್ಬರ ಒಂದು ಹಿಡಿ ಸಾಕು.

ಇದು ದಕ್ಷಿಣ ಅಮೆರಿಕದ ಮಳೆಕಾಡಿನಲ್ಲಿ ದೊಡ್ಡ ಮರಗಳ ಬುಡದಲ್ಲಿ ಬೆಳೆಯುವ ಗಿಡ. ನಮ್ಮ ಏಪ್ರಿಲ್ ಗಾಳಿ ಇದಕ್ಕೆ ಕಷ್ಟವೇ. ನೇರ ಬಿಸಿಲು ಬೀಳದ, ಆದರೆ ಬೆಳಕಿರುವ ಕಿಟಕಿ ಪಕ್ಕ ಇಡಿ. ಫ್ಯಾನಿನ ಕೆಳಗೆ ಬೇಡ. ನಾಲ್ಕೈದು ಕುಂಡ ಒತ್ತೊತ್ತಾಗಿ ಇಟ್ಟರೆ ಸುತ್ತ ತೇವ ನಿಲ್ಲುತ್ತದೆ. ನೀರು ಚಿಮುಕಿಸಿದರೆ ಸ್ವಲ್ಪ ಹೊತ್ತಿಗೇ ಆರಿಹೋಗುತ್ತದೆ, ಅದನ್ನೇ ನಂಬಿ ಕೂರಬೇಡಿ. ಒಣ ಹವೆಯಲ್ಲಿ ನುಸಿ ಬರುತ್ತದೆ. ಎಲೆಯ ಹಿಂಭಾಗದಲ್ಲಿ ಸೂಕ್ಷ್ಮ ಬಲೆ ಕಂಡರೆ ಒದ್ದೆ ಬಟ್ಟೆಯಲ್ಲಿ ಒರೆಸಿ.

ಸುಟ್ಟ ತುದಿ ಮತ್ತೆ ಹಸಿರಾಗುವುದಿಲ್ಲ. ಕತ್ತರಿಸುವಾಗ ಕಂದು ಬಣ್ಣದ ಒಂದು ಎಳೆ ಬಿಟ್ಟು ಕತ್ತರಿಸಿ, ಹಸಿರಿಗೆ ಗಾಯವಾದರೆ ಅಲ್ಲಿಂದ ಮತ್ತೆ ಒಣಗುತ್ತದೆ. ನೀರು ಬದಲಾಯಿಸಿದ್ದು ಕೆಲಸ ಮಾಡಿದೆಯೋ ಇಲ್ಲವೋ ಅನ್ನುವುದನ್ನು ಆಮೇಲೆ ಬಂದ ಹೊಸ ಎಲೆ ಹೇಳುತ್ತದೆ, ಹಳೆಯದಲ್ಲ. ಬೋರ್ ನೀರು ಬಿಟ್ಟು ಬೇರೆ ನೀರೇ ಇಲ್ಲ ಅನ್ನುವವರಿಗೆ ನಾನು ಕ್ಯಾಲಾಥಿಯಾ ಮಾರುವುದಿಲ್ಲ. ಮನಿ ಪ್ಲಾಂಟ್ ಅಥವಾ ಜೆಡ್ ಜೆಡ್ ಪ್ಲಾಂಟ್ ತಗೊಳ್ಳಿ ಅನ್ನುತ್ತೇನೆ. ಅವು ಇಂಥ ನೀರಿಗೂ ಹೊಂದಿಕೊಂಡು ಬೆಳೆಯುತ್ತವೆ.